ಸಮುದ್ರಕ್ಕೆ ಬಿದ್ದ ಮನೆಯ ಮತ

ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋಗೆ ನಾವು ರೈಲು ಹತ್ತಿದ್ದು 2024ರ ಜೂನ್ ಹದಿನೇಳು, ಸೋಮವಾರ ಬೆಳಿಗ್ಗೆ. ದೂರ ಸುಮಾರು ಇನ್ನೂರು ಕಿಲೋಮೀಟರ್, ಮೂರು ಗಂಟೆಯ ದಾರಿ, ಟಿಕೆಟ್ ಒಬ್ಬರಿಗೆ ಮೂವತ್ತೇಳು ಡಾಲರ್. ರೂಪಾಯಿಗೆ ತಿರುಗಿಸಿ ನೋಡಬೇಡ ಎಂದು ತಮ್ಮ ಪ್ರಕಾಶ ಮೊದಲೇ ತಾಕೀತು ಮಾಡಿದ್ದ. ನಾನು ತಿರುಗಿಸಿಯೇ ನೋಡಿದೆ.

ನಾನು ಊರು ನೋಡಲು ಹೊರಟವಳಲ್ಲ. ಒಬ್ಬ ಹೆಂಗಸಿನ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೊರಟಿದ್ದೆ. ಅದೂ ನಮ್ಮ ದೇಶದ ಪಟ್ಟಿಯಲ್ಲ, ಇಂಗ್ಲೆಂಡಿನದು. ಅಮೆರಿಕಕ್ಕೆ ಬಂದು ಇಂಗ್ಲೆಂಡಿನ ಚುನಾವಣೆ ಕೆಲಸಕ್ಕೆ ಕೈ ಹಾಕಿದವಳು ಬಾಗಲಕೋಟೆ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಪ್ರಕಾಶ ಲಾಸ್ ಏಂಜಲೀಸ್‌ನ ಸ್ಯಾನ್ ಪೀಡ್ರೊ ಬಂದರಿನಲ್ಲಿ ಸರಕು ಸಾಗಣೆಯ ಕಚೇರಿಯಲ್ಲಿದ್ದಾನೆ. ಅಲ್ಲಿ ಅವನ ಮೊದಲ ಮೇಲಧಿಕಾರಿ ಮಾರ್ಗರೆಟ್. ಈಗ ಎಪ್ಪತ್ತೆಂಟು ವರ್ಷ, ನಿವೃತ್ತಳಾಗಿ ಸ್ಯಾನ್ ಡಿಯಾಗೋದಲ್ಲಿ ಒಬ್ಬಳೇ ಇದ್ದಾಳೆ. 1981ರಲ್ಲಿ ಅಮೆರಿಕದ ಹಡಗಿನವನನ್ನು ಮದುವೆಯಾಗಿ ಇಂಗ್ಲೆಂಡ್ ಬಿಟ್ಟವಳು. ಇಲ್ಲಿಯ ಪೌರತ್ವ ತೆಗೆದುಕೊಳ್ಳಲಿಲ್ಲ, ಹಾಗಾಗಿ ಇಲ್ಲಿ ಮತವಿಲ್ಲ. ಬಹಳ ವರ್ಷ ಹೊರಗಿದ್ದವರಿಗೆ ಅಲ್ಲಿಯೂ ಮತವಿರಲಿಲ್ಲ. ಗಂಡ ತೀರಿಕೊಂಡ ಮೇಲಂತೂ ತಾನು ಯಾವ ದೇಶದ ಲೆಕ್ಕಕ್ಕೂ ಸೇರದವಳು ಎಂದು ಪ್ರಕಾಶನ ಹತ್ತಿರ ಹೇಳಿಕೊಳ್ಳುತ್ತಿದ್ದಳಂತೆ. ಆ ವರ್ಷ ಇಂಗ್ಲೆಂಡಿನ ಕಾನೂನು ಬದಲಾಗಿತ್ತು. ಎಷ್ಟೇ ವರ್ಷ ಹೊರಗಿದ್ದರೂ ಕಡೆಗೆ ವಾಸವಿದ್ದ ವಿಳಾಸದ ಮೇಲೆ ಹೆಸರು ಸೇರಿಸಬಹುದು. ಜುಲೈನಲ್ಲಿ ಚುನಾವಣೆ. ಆಕೆ ಅರ್ಜಿ ಹಾಕಿದ್ದಳು. ನೀವು ಆ ವಿಳಾಸದಲ್ಲಿ ಇದ್ದದ್ದಕ್ಕೆ ದಾಖಲೆ ಸಿಗುತ್ತಿಲ್ಲ ಎಂದು ಅಲ್ಲಿಯ ಕೌನ್ಸಿಲ್‌ನಿಂದ ಉತ್ತರ ಬಂದಿತ್ತು. ಮಂಗಳವಾರ ಕಡೆಯ ದಿನ.

ಪ್ರಕಾಶ ಫೋನಿನಲ್ಲಿ ಆಕೆಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ, "ನಮ್ಮ ಅಕ್ಕ ಮೂವತ್ತೆರಡು ವರ್ಷ ವೋಟರ್ ಲಿಸ್ಟ್ ಮಾಡ್ಯಾಳ, ಕಳಸ್ತೀನಿ ಅಂತ ಹೇಳೀನಿ. ಹೋಗಿ ಬಾ" ಎಂದ. ತಾಲ್ಲೂಕು ಕಚೇರಿಯ ಚುನಾವಣೆ ಶಾಖೆಯಲ್ಲಿ ಸವೆದು ನಿವೃತ್ತಳಾದ ನನಗೆ ಈ ವಯಸ್ಸಿನಲ್ಲಿ ಇಂಥ ಮರ್ಯಾದೆ ಯಾರು ಕೊಡುತ್ತಾರೆ. ಒಳಗೊಳಗೇ ಉಬ್ಬಿಹೋದೆ.

ಜೊತೆಗೆ ಬಂದವಳು ಪ್ರಕಾಶನ ಹೆಂಡತಿ ಸ್ಮಿತಾ. ಬೆಂಗಳೂರಿನವಳು, ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್. ರೈಲು ಬಿಡುವ ಮೊದಲೇ ಲ್ಯಾಪ್‌ಟಾಪ್ ತೆರೆದಳು. "ಅಕ್ಕ, ನೀವು ಬಲಗಡೆ ವಿಂಡೋ ಸೀಟಲ್ಲಿ ಕೂತ್ಕೊಳ್ಳಿ. ನಂದೊಂದು ಮೀಟಿಂಗ್ ಇದೆ, ಮುಗಿಸ್ಕೊಂಡು ಮಾತಾಡ್ತೀನಿ" ಎಂದಳು. ಆ ಮೀಟಿಂಗು ಮುಗಿಯುವಷ್ಟರಲ್ಲಿ ನಾಲ್ಕು ಸ್ಟೇಷನ್ ಹಿಂದೆ ಹೋಗಿದ್ದವು.

ಜೂನ್ ತಿಂಗಳಲ್ಲಿ ಇಲ್ಲಿ ಬೆಳಗಿನ ಹೊತ್ತು ಆಕಾಶ ಬೂದಿ ಬಳಿದಂತೆ ಇರುತ್ತದೆ, ಬಿಸಿಲು ಬರುವುದು ಮಧ್ಯಾಹ್ನ. ಮೊದಲ ಒಂದು ಗಂಟೆ ಗೋದಾಮುಗಳ ಹಿಂಬದಿ, ಕಾರುಗಳ ಸಾಲು, ಮನೆಗಳ ಹಿತ್ತಲು ಇಷ್ಟೇ. ಇದಕ್ಕೋಸ್ಕರ ಮೂವತ್ತೇಳು ಡಾಲರೇ ಅಂದುಕೊಂಡೆ. ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ ದಾಟಿದ ಮೇಲೆ ರೈಲು ಬಲಕ್ಕೆ ವಾಲಿತು, ಸಮುದ್ರ ಕಿಟಕಿಗೇ ಬಂತು. ಹಳಿಗೂ ಅಲೆಗೂ ನಡುವೆ ನಮ್ಮ ಮನೆಯ ಅಂಗಳದಷ್ಟೂ ಜಾಗವಿರಲಿಲ್ಲ. ಅಲೆ ಸವಾರಿಯ ಹಲಗೆ ಹಿಡಿದು ನೀರಿನ ಮೇಲೆ ಕಾಯುತ್ತ ಕೂತವರ ಮುಖ ಕಾಣುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಸ್ಮಿತಾ ಡಬ್ಬಿ ತೆಗೆದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೈಗಿಟ್ಟಳು, ಅದನ್ನೂ ನೋಡದೆಯೇ ತಿಂದೆ. ಶೇಂಗಾ ಆರ್ಟೀಸಿಯಾ ಎಂಬಲ್ಲಿಯ ಭಾರತೀಯ ಅಂಗಡಿಯದು, ರುಚಿಗೆ ಏನೂ ಕೊರತೆಯಿರಲಿಲ್ಲ.

ಡೆಲ್ ಮಾರ್ ಎಂಬಲ್ಲಿ ರೈಲು ನಿಧಾನವಾಯಿತು. ಅಲ್ಲಿ ಹಳಿ ಇರುವುದು ಎತ್ತರದ ಮಣ್ಣಿನ ದಿಬ್ಬದ ತುದಿಯಲ್ಲಿ, ಕೆಳಗೆ ನೇರ ಸಮುದ್ರ. ದಿಬ್ಬ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕುಸಿಯುತ್ತದಂತೆ. ಕಿತ್ತಳೆ ಅಂಗಿ ತೊಟ್ಟ ಕೆಲಸಗಾರರು ಅಂಚಿನ ಉದ್ದಕ್ಕೂ ಕಂಬ ಇಳಿಸುತ್ತಿದ್ದರು. ಭೂಮಿಯನ್ನು ಇಷ್ಟು ಹಟ ಹಿಡಿದು ನಿಲ್ಲಿಸಿಕೊಳ್ಳುವವರನ್ನು ನಾನು ನೋಡಿರಲಿಲ್ಲ, ಮನಸ್ಸಿನಲ್ಲೇ ಶಹಬ್ಬಾಸ್ ಅಂದೆ.

ಓಲ್ಡ್ ಟೌನ್ ಸ್ಟೇಷನ್ನಿನಲ್ಲಿ ಮಾರ್ಗರೆಟ್ ತಾನೇ ಕಾರು ತಂದು ನಿಂತಿದ್ದಳು. ಎತ್ತರದ ಹೆಂಗಸು, ಬಿಳಿ ಕೂದಲು ಗಿಡ್ಡಕ್ಕೆ ಕತ್ತರಿಸಿಕೊಂಡು, ಬೂದು ಸ್ವೆಟರ್ ಹಾಕಿದ್ದಳು. ಆಕೆಯ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ. ನನ್ನದು ಕಚೇರಿ ಇಂಗ್ಲಿಷು, ಅರ್ಥವಾಗದ ಕಡೆ ಸ್ಮಿತಾ ಹೇಳಿಕೊಟ್ಟಳು. ಆಕೆಯ ಮನೆ ಓಷನ್ ಬೀಚ್ ಎಂಬ ಕೇರಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆ. ಚಹಾ ಮಾತ್ರ ಅಚ್ಚುಕಟ್ಟು, ನಮ್ಮದರಷ್ಟೇ ಖಡಕ್ಕು. ಉಳಿದ ರೊಟ್ಟಿಯನ್ನು ಬಿಸ್ಕತ್ತಿನ ಹಾಗೆ ಚಹಾದಲ್ಲಿ ಅದ್ದಿ ಎರಡು ತಿಂದಳು. ಆಗಲೇ ನನಗೆ ಆಕೆ ಹಿಡಿಸಿದಳು.

ಅರ್ಜಿ ನೋಡಿದೆ. ವಿಳಾಸದ ಜಾಗದಲ್ಲಿ ಇಂಗ್ಲೆಂಡಿನಲ್ಲಿರುವ ತನ್ನ ತಮ್ಮನ ಮನೆ ಬರೆದಿದ್ದಳು.

"ಈ ಮನೆಯಲ್ಲಿ ಎಷ್ಟು ವರ್ಷ ಇದ್ದಿರಿ?" ಎಂದು ಕೇಳಿದೆ.

"ಒಂದು ದಿನವೂ ಇಲ್ಲ."

"ಮತ್ತೆ ದೇಶ ಬಿಡುವಾಗ ಎಲ್ಲಿದ್ದಿರಿ?"

"ನಮ್ಮ ಮನೆಯಲ್ಲಿ, ಡನಿಚ್‌ನಲ್ಲಿ. ಅದು ಸಮುದ್ರಕ್ಕೆ ಬಿತ್ತು. ಇಲ್ಲದ ಮನೆಯನ್ನು ವಿಳಾಸ ಅಂತ ಬರೆದರೆ ಸುಳ್ಳಾಗುತ್ತದೆ ಅಲ್ಲವೇ?"

ಸುಳ್ಳು ಬರೆಯಬಾರದೆಂದು ಪಾಪ, ಅದಕ್ಕಿಂತ ದೊಡ್ಡ ಸುಳ್ಳು ಬರೆದಿದ್ದಳು. ಸ್ಮಿತಾ ಅಲ್ಲಿಯ ನಿಯಮದ ಪುಟ ತೆರೆದು ಓದಿದಳು. ಕಡೆಗೆ ವಾಸವಿದ್ದ ಜಾಗ ಬೇಕು ಅಂದಿತ್ತು, ಆ ಮನೆ ಈಗಲೂ ನಿಂತಿರಬೇಕು ಅಂದಿರಲಿಲ್ಲ. ಹೊಸ ಅರ್ಜಿ ಹಾಕಬಹುದಿತ್ತು. ಬೇಕಾದದ್ದು ಆ ಮನೆಯಲ್ಲಿ ಆಕೆ ಇದ್ದಳು ಎನ್ನುವ ಒಂದು ಕಾಗದ. ಮನೆ ತೆರಿಗೆ ರಸೀದಿ, ಬ್ಯಾಂಕಿನ ಪತ್ರ, ಹಳೆಯ ಮತದಾರ ಚೀಟಿ, ಒಂದೊಂದೇ ಕೇಳಿದೆ. ಎಲ್ಲದಕ್ಕೂ ಇಲ್ಲ ಅಂದಳು. ನಲವತ್ತಮೂರು ವರ್ಷದ ಹಿಂದಿನ ರಸೀದಿ ಯಾರು ಇಟ್ಟುಕೊಂಡಿರುತ್ತಾರೆ.

ಸಂಜೆ ಸನ್‌ಸೆಟ್ ಕ್ಲಿಫ್ಸ್ ಎಂಬ ಕಡಲ ದಂಡೆಯ ಬಂಡೆಗಳಿಗೆ ನಡೆದು ಹೋದೆವು. ಬಿಸಿಲು ಬಂದು ಕಲ್ಲೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅಂಚು ಕುಸಿಯುತ್ತದೆ, ದೂರವಿರಿ ಎಂಬ ಫಲಕದ ಪಕ್ಕದಲ್ಲೇ ಜನ ಕಾಲು ಇಳಿಬಿಟ್ಟು ಕೂತಿದ್ದರು. ಅಷ್ಟು ಚೆಂದದ ಸಂಜೆಯನ್ನು ನಾನು ಹಿಂದೆ ಕಂಡಿಲ್ಲ, ಅದನ್ನು ಹೇಳಿಬಿಡುತ್ತೇನೆ. ಅಲ್ಲಿಯ ಬೆಂಚಿನ ಮೇಲೆ ಮಾರ್ಗರೆಟ್ ತನ್ನ ಊರಿನ ಕಥೆ ಹೇಳಿದಳು.

ಡನಿಚ್ ಇಂಗ್ಲೆಂಡಿನ ಪೂರ್ವ ಕರಾವಳಿಯ ಊರು. ಏಳೆಂಟು ನೂರು ವರ್ಷದ ಹಿಂದೆ ದೊಡ್ಡ ಬಂದರು. ಹಡಗು, ಮೀನು, ಉಣ್ಣೆ, ಹಲವು ಚರ್ಚು. ಅದಕ್ಕೆ ತಕ್ಕಂತೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುವ ಹಕ್ಕು ಸಿಕ್ಕಿತ್ತು. ಆಮೇಲೆ ದೊಡ್ಡ ದೊಡ್ಡ ಬಿರುಗಾಳಿಗಳು ಬಂದವು. ಬಂದರಿನ ಬಾಯಿ ಉಸುಕಿನಿಂದ ಮುಚ್ಚಿತು, ಬೀದಿಗಳು ಒಂದೊಂದಾಗಿ ನೀರಿಗೆ ಬಿದ್ದವು. ಸಂತೆ ಕಟ್ಟೆ ಹೋಯಿತು, ಚರ್ಚುಗಳು ಹೋದವು. ಕಡೆಯ ಹಳೆಯ ಚರ್ಚಿನ ಗೋಪುರ ಬಿದ್ದದ್ದನ್ನು ಆಕೆಯ ಅಪ್ಪ ಹುಡುಗನಾಗಿದ್ದಾಗ ನೋಡಿದ್ದರಂತೆ. ಊರು ಹೀಗೆ ಕರಗಿದರೂ ಇಬ್ಬರು ಸದಸ್ಯರು ಮಾತ್ರ 1832ರವರೆಗೆ ತಪ್ಪದೆ ಹೋಗುತ್ತಲೇ ಇದ್ದರು. ಕೊನೆಕೊನೆಗೆ ಮತದಾರರು ಬೆರಳೆಣಿಕೆಯವರು, ಅವರಲ್ಲಿ ಎಲ್ಲರೂ ಅಲ್ಲಿ ವಾಸವಿದ್ದವರಲ್ಲ. ಎರಡು ಜಮೀನ್ದಾರಿ ಮನೆತನಗಳು ಒಂದೊಂದು ಸ್ಥಾನ ಹಂಚಿಕೊಂಡಿದ್ದವು.

"ಗುಟ್ಟಿನ ಮತ ಇರಲಿಲ್ಲ. ಎಲ್ಲರ ಎದುರಿಗೆ ನಿಂತು ಯಾರಿಗೆ ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು" ಎಂದಳು ಮಾರ್ಗರೆಟ್.

"ಜಮೀನ್ದಾರನ ಎದುರಿಗೋ?"

"ಅವನ ಎದುರಿಗೇ. ಮತಗಟ್ಟೆ ಮುಳುಗಿದ್ದಕ್ಕೆ ದೋಣಿಯಲ್ಲಿ ಕೂತು ಮತ ಹಾಕಿದರು ಅಂತ ಕಥೆ ಕಟ್ಟುತ್ತಾರೆ. ಅದು ಬರೀ ಸುಳ್ಳು. ಉಳಿದದ್ದೆಲ್ಲ ನಿಜ."

ಚುನಾವಣೆ ಶಾಖೆಯವಳಿಗೆ ಇದನ್ನು ಕೇಳಿ ಮೈಯೆಲ್ಲ ಉರಿಯಬೇಕಿತ್ತು. ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಪಟ್ಟಿಯಲ್ಲಿ ಉಳಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಪಟ್ಟಿ ಅಂದರೆ ಸಾರಿಸಿದ ನೆಲದಂತೆ ಇರಬೇಕು ಎನ್ನುವವಳು ನಾನು. ಆದರೆ ಉರಿಯಲಿಲ್ಲ. ಊರೇ ಇಲ್ಲದ ಮತವನ್ನು ಅವರು ಐನೂರು ವರ್ಷ ಕಾಪಾಡಿಕೊಂಡಿದ್ದರು, ಉಳ್ಳವರ ಲಾಭಕ್ಕೇ ಆದರೂ. ನಾನು ಮಾಡಿದ್ದು ಅದರ ತಿರುವುಮುರುವು. ಆ ಬೆಂಚಿನ ಮೇಲೆ ಕೂತು ಅದು ನೆನಪಿಗೆ ಬಂತು, ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಚಹಾ ಕುಡಿಯುವಾಗ ಮಾರ್ಗರೆಟ್ ಸೋತವಳಂತೆ ಮಾತಾಡಿದಳು. "ಇನ್ನೂ ಇವತ್ತು ಮಧ್ಯರಾತ್ರಿಯವರೆಗೆ ಟೈಮ್ ಇದೆ. ಆದರೆ ಏನು ಪ್ರಯೋಜನ. ಸಾಯುವುದರೊಳಗೆ ಇನ್ನೊಂದು ಸಲ ಮತ ಹಾಕಬೇಕೆಂದಿತ್ತು. ಆಗಲಿಲ್ಲ ಅಂದರೆ ಆಗಲಿಲ್ಲ."

"ಯಾರ ಮಧ್ಯರಾತ್ರಿ?" ಎಂದೆ ನಾನು. ಸ್ಮಿತಾ ಫೋನ್ ನೋಡಿದಳು. ಇಂಗ್ಲೆಂಡಿನ ಮಧ್ಯರಾತ್ರಿ ಎಂದರೆ ಇಲ್ಲಿ ಮಧ್ಯಾಹ್ನ ನಾಲ್ಕು ಗಂಟೆ. ಆಗಲೇ ಎಂಟೂವರೆಯಾಗಿತ್ತು. ಬಂದರಿನ ಕಚೇರಿಯಲ್ಲಿ ಜಗತ್ತಿನ ಹಡಗುಗಳ ಗಳಿಗೆ ಲೆಕ್ಕ ಇಟ್ಟವಳು ತನ್ನ ಗಳಿಗೆಯನ್ನೇ ತಪ್ಪಿ ಎಣಿಸಿದ್ದಳು. ಮುಖ ಕೆಂಪಗಾಗಿ ಚಹಾ ಬಟ್ಟಲು ಕೆಳಗಿಟ್ಟಳು.

ಇನ್ನು ತಡೆದುಕೊಳ್ಳಲು ಆಗಲಿಲ್ಲ. "ಮನೆ ಬಿಡಿ ಅಂತ ನಿಮಗೆ ನೋಟಿಸು ಬಂದಿತ್ತೇ?" ಎಂದು ಕೇಳಿದೆ.

ಮಾರ್ಗರೆಟ್ ತಲೆಯಾಡಿಸಿದಳು. "ಬಂದಿತ್ತು. ಅಪ್ಪ ತೀರಿಕೊಂಡಿದ್ದರು, ಮನೆ ನನ್ನ ಹೆಸರಿಗಿತ್ತು. ದಿಬ್ಬದ ಅಂಚು ಹತ್ತಿರ ಬಂದಿದೆ, ಖಾಲಿ ಮಾಡಿ ಅಂತ. ಅದನ್ನು ಹಿಡಿದುಕೊಂಡು ಅಮ್ಮ ವಾರವೆಲ್ಲ ಅತ್ತಳು. ಆಮೇಲೆ ಅದು ಏನಾಯಿತೋ ನಾನು ನೋಡಿಲ್ಲ."

"ನಿಮ್ಮ ಹೆಸರು, ಆ ಮನೆಯ ವಿಳಾಸ, ಸರ್ಕಾರದ ಸಹಿ. ಅದಕ್ಕಿಂತ ಗಟ್ಟಿ ಕಾಗದ ಬೇರೆ ಇಲ್ಲ" ಎಂದೆ.

ಹುಡುಕಿದೆವು. ಎರಡು ಕೋಣೆಯಲ್ಲಿ ಇಷ್ಟು ಕಾಗದ ಇರುತ್ತದೆಂದು ನಾನು ಎಣಿಸಿರಲಿಲ್ಲ. ಸ್ಮಿತಾ ರಜೆ ಹಾಕಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಅಕ್ಕ, ನಿಮ್ಮ ಆಫೀಸ್ ಹೀಗೇ ಇತ್ತಾ?" ಎಂದು ಕೇಳಿದಳು. "ಇದಕ್ಕಿಂತ ಹೊಲಸಿತ್ತವ್ವಾ, ಇಲ್ಲಿ ಇಲಿ ಇಲ್ಲ" ಎಂದೆ. ಮಧ್ಯಾಹ್ನದ ಒಂದು ಗಂಟೆಯಾಯಿತು, ಸಿಗಲಿಲ್ಲ. ಕಡೆಗೆ ಕಪಾಟಿನ ಮೇಲೆ ಒಂದು ತಗಡಿನ ಡಬ್ಬಿ ಉಳಿಯಿತು. ಅಮ್ಮ ಸತ್ತ ಮೇಲೆ ತಮ್ಮ ಕಳಿಸಿದ್ದು, ಇಷ್ಟು ವರ್ಷ ಬಿಚ್ಚಿಲ್ಲ ಎಂದಳು ಮಾರ್ಗರೆಟ್. ಬಿಚ್ಚಲು ಆಕೆಗೆ ಕೈ ಬರಲಿಲ್ಲ, ನನ್ನ ಕಡೆ ಸರಿಸಿದಳು. ಅಮ್ಮನ ಕನ್ನಡಕ, ಒಂದು ಕೈಚೀಲ, ಪತ್ರಗಳ ಕಟ್ಟು. ಕಟ್ಟಿನ ಅಡಿಗೆ ನಾಲ್ಕು ಮಡಿಕೆ ಮಾಡಿದ ನೋಟಿಸು ಇತ್ತು. ಹೆಸರು, ಮನೆ, ತಾರೀಕು, ಸಹಿ ಎಲ್ಲ ಸ್ಪಷ್ಟವಾಗಿತ್ತು. ಮಾರ್ಗರೆಟ್ ಅದರ ಮೇಲೆ ಅಂಗೈ ಇಟ್ಟು ಅತ್ತಳು. ಸ್ಮಿತಾ ಹೊಸ ಅರ್ಜಿಯ ಪುಟ ತೆರೆದಳು.

ಎರಡೂಕಾಲಿಗೆ ಹೊಸ ಅರ್ಜಿ ಹೋಯಿತು, ಮುಳುಗಿದ ಮನೆಯ ವಿಳಾಸದ ಮೇಲೆ, ನೋಟಿಸಿನ ಫೋಟೋ ಸಮೇತ. ಅರ್ಜಿ ತಲುಪಿದೆ ಎಂದು ಅಲ್ಲಿಂದ ಮರುಕ್ಷಣವೇ ಉತ್ತರ ಬಂತು. ಆಕೆಯ ಪರವಾಗಿ ಮತಗಟ್ಟೆಗೆ ಹೋಗಿ ಮತ ಹಾಕಲು ಆಕೆಯ ತಮ್ಮನನ್ನು ಗೊತ್ತುಮಾಡುವ ಇನ್ನೊಂದು ಅರ್ಜಿಯನ್ನೂ ತುಂಬಿದೆವು.

"ನೋಟಿಸು ಕೇಳಬೇಕೆಂದು ನಿಮಗೆ ಹೇಗೆ ಹೊಳೆಯಿತು?" ಎಂದು ಆಗ ಕೇಳಿದಳು ಮಾರ್ಗರೆಟ್. ಹೊಳೆದದ್ದಲ್ಲ, ನೆನಪಾದದ್ದು. ಹೇಳಿದೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ವರ್ಷಗಳವು. ನಾನು ಹಿನ್ನೀರಿನ ಅಂಚಿನ ಒಂದು ತಾಲ್ಲೂಕಿನಲ್ಲಿದ್ದೆ. ಕೃಷ್ಣೆಯ ದಂಡೆಯ ಊರೊಂದು ಪೂರ್ತಿ ಮುಳುಗಿತು. ಜನ ತಗಡಿನ ಶೆಡ್ಡುಗಳಲ್ಲಿದ್ದರು, ಹೊಸ ಊರಿಗೆ ಇನ್ನೂ ಮನೆ ನಂಬರು ಬಿದ್ದಿರಲಿಲ್ಲ. ಮುಳುಗಿದ ಊರಿನ ಪಟ್ಟಿಯನ್ನು ಮುಂದಿಟ್ಟುಕೊಂಡು ಹೆಸರಿನ ಮೇಲೆ ಹೆಸರು ಹೊಡೆದುಹಾಕಿದವಳು ನಾನು. ಯಾರೂ ಹೇಳಿರಲಿಲ್ಲ. ಪಟ್ಟಿ ಸ್ವಚ್ಛವಿರಬೇಕೆಂಬ ನನ್ನದೇ ಹುಮ್ಮಸ್ಸು. ಚುನಾವಣೆ ಹತ್ತಿರ ಬಂದಾಗ ದ್ಯಾಮವ್ವ ಎಂಬ ಹೆಂಗಸು ಮುಳುಗಡೆಯ ನೋಟಿಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಳು.

"ಮನಿ ಮುಳಗತೈತಿ, ಬಿಡು ಅಂತ ಸರಕಾರನ ಬರದು ಕೊಟ್ಟೈತ್ರಿ. ಅಂದ್ರ ನಾ ಅಲ್ಲಿ ಇದ್ದೆ ಅಂತ ಆತಿಲ್ಲ?" ಎಂದಳು.

"ಮನಿನ ಇಲ್ಲ ಅಂದ ಮ್ಯಾಲ ನಂಬರ್ ಎಲ್ಲಿಂದ ತರ್ಲಿ?" ಎಂದೆ ನಾನು. ಕಾಗದವನ್ನು ಕೈಗೆ ತೆಗೆದುಕೊಂಡೂ ನೋಡಲಿಲ್ಲ. ಆ ಸಲ ಆಕೆಗೆ ಮತ ಸಿಗಲಿಲ್ಲ. ಅಂಥದೇ ಕಾಗದವನ್ನು ನಾನು ಮಾರ್ಗರೆಟ್‌ಳ ಹತ್ತಿರ ಕೇಳಿದ್ದೆ.

ಮಾರ್ಗರೆಟ್ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆಕೆ ಇದ್ದಾಳೆಯೇ?" ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದೆ. ಎಂದೂ ವಿಚಾರಿಸಿರಲಿಲ್ಲ.

ಐದು ಗಂಟೆಯ ಸುಮಾರಿಗೆ ಆಕೆಯೇ ಸ್ಟೇಷನ್ನಿಗೆ ಬಿಟ್ಟಳು. ವಾಪಸು ಬರುವಾಗ ಎಡಗಡೆ ಕೂತೆ. ಬಿಸಿಲಿತ್ತು, ಸಮುದ್ರ ಹೋಗುವಾಗಿನದಕ್ಕಿಂತ ನೀಲಿಯಾಗಿತ್ತು. ಸ್ಮಿತಾ ಲ್ಯಾಪ್‌ಟಾಪ್ ತೆರೆಯಲಿಲ್ಲ. ಬಹಳ ದೂರ ಬಂದ ಮೇಲೆ, "ನೀವು ಹೇಳ್ದೇ ಇದ್ದಿದ್ರೆ ನಮಗೆ ಗೊತ್ತೂ ಆಗ್ತಿರ್ಲಿಲ್ಲ ಅಕ್ಕ" ಎಂದಳು. ಅದೇ ತಾನೇ ಎಂದೆ. ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್ನಿನಲ್ಲಿ ಪ್ರಕಾಶ ಕಾರು ತಂದಿದ್ದ. ಕೆಲಸ ಆತೇನು ಎಂದು ಕೇಳಿದ, ಅರ್ಧ ಆಗೈತಿ ಎಂದೆ.

ಮುಂದಿನ ವಾರ ಮಾರ್ಗರೆಟ್ ಫೋನ್ ಮಾಡಿದಳು. ಹೆಸರು ಸೇರಿತ್ತು. ಕೌನ್ಸಿಲ್‌ನ ಪತ್ರವನ್ನು ಎರಡು ಸಲ ಓದಿ ಹೇಳಿದಳು, ಸಮುದ್ರದ ತಳದಲ್ಲಿರುವ ಮನೆಯ ಹೆಸರು ಸಮೇತ. ಜುಲೈ ನಾಲ್ಕರಂದು ಆಕೆಯ ತಮ್ಮ ಹೋಗಿ ಆಕೆ ಹೇಳಿದಂತೆ ಮತ ಹಾಕಿ ಬಂದ. ಯಾರಿಗೆ ಎಂದು ನಾನು ಕೇಳಲಿಲ್ಲ, ಅದು ನನ್ನ ಶಾಖೆಯ ಶಿಸ್ತು.

ಜುಲೈ ಮೂರನೆಯ ವಾರ ಊರಿಗೆ ಬಂದೆ. ಬ್ಯಾಗು ಇಳಿಸಿ, ಎರಡು ದಿನ ಮಲಗಿ ಎದ್ದು, ಹಳೆಯ ಸಹೋದ್ಯೋಗಿಯೊಬ್ಬರಿಂದ ವಿಚಾರಿಸಿಕೊಂಡು ಬಸ್ಸು ಹತ್ತಿದೆ. ಮುಳುಗಿದ ಊರಿನವರ ಪುನರ್ವಸತಿ ಕೇಂದ್ರದ ನಾಲ್ಕನೆಯ ಅಡ್ಡ ಬೀದಿಯಲ್ಲಿ, ನೀಲಿ ಬಾಗಿಲಿನ ಮನೆಯ ಕಟ್ಟೆಯ ಮೇಲೆ ದ್ಯಾಮವ್ವ ಹುರುಳಿ ಹಸನು ಮಾಡುತ್ತ ಕೂತಿದ್ದಳು. ಎಂಬತ್ತು ದಾಟಿರಬೇಕು. ನಾನು ಯಾರೆಂದು ಹೇಳುವ ಮೊದಲೇ, "ವೋಟರ್ ಲಿಸ್ಟಿನಾಕಿ ಅಲ್ಲೇನು ನೀ?" ಎಂದಳು.

ಹೌದೆಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಬಿದ್ದುಹೋಯಿತು. "ಅವತ್ತ ನಿನ್ನ ಕಾಗದ ನಾ ನೋಡಬೇಕಾಗಿತ್ತವ್ವಾ. ನೋಡಲಿಲ್ಲ. ತಪ್ಪು ನಂದು" ಎಂದಷ್ಟೇ ಬಂತು.

ಆಕೆ ಮೊರ ಕೆಳಗಿಟ್ಟು ಎಡಗೈ ಚಾಚಿದಳು. ತೋರುಬೆರಳಿನ ಉಗುರಿನ ತುದಿಯಲ್ಲಿ ಮೇ ತಿಂಗಳ ಮಸಿ ಇನ್ನೂ ಉಳಿದಿತ್ತು. "ಆ ಒಂದು ಸಲ ತಪ್ಪಿತ್ತು ನೋಡು. ಅಲ್ಲಿಂದ ಈಚೆಗೆ ಒಂದೂ ಬಿಟ್ಟಿಲ್ಲ. ನೀ ಹಾಕಿದೇನು ಈ ಸಲ?"

"ಇಲ್ಲವ್ವಾ. ನಾ ಊರಾಗ ಇರಲಿಲ್ಲ, ಮೂರು ತಿಂಗಳು ಅಮೆರಿಕಾಕ್ಕ ಹೋಗಿದ್ದೆ."

"ಮೂರು ತಿಂಗಳು ಮನಿ ಕೀಲಿ ಹಾಕಿತ್ತೇನು?"

"ಹಾಕಿತ್ತು."

"ಯಾರೂ ನಿನ್ನ ಹೆಸರು ತಗದಿಲ್ಲಲ್ಲ?"

ಇಲ್ಲವೆಂದು ತಲೆಯಾಡಿಸಿದೆ. "ಚಲೋ ಆತು ಬಿಡು" ಎಂದು ಆಕೆ ಮೊರವನ್ನು ಪಕ್ಕಕ್ಕೆ ಸರಿಸಿ, ನನಗೆ ಕೂರಲು ಜಾಗ ಮಾಡಿದಳು.